ಬೇಜಾರಿಗೂ ಬುತ್ತಿ ಕಟ್ಟಿಕೊಳ್ಳಿ: ದೂರ ನಡೆಯುವವರಿಗೊಂದು ಕೈಪಿಡಿ

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗಿ ಬಂದವರನ್ನು ಮಾತಾಡಿಸಿ ನೋಡಿ. ಚಾರ್ಮಾಡಿ ಇಳಿಯುವಾಗ ಮಂಡಿ ಹಿಡಿದುಕೊಂಡಿತು ಅನ್ನುತ್ತಾರೆ, ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು ಅನ್ನುತ್ತಾರೆ. ಇನ್ನೊಂದು ಲೋಟ ಕಾಫಿ ಕೊಟ್ಟರೆ ನಿಜ ಹೊರಗೆ ಬರುತ್ತದೆ. ವಾಪಸ್ ಹೋಗಿಬಿಡೋಣ ಅನ್ನಿಸಿದ್ದು ಕುಣಿಗಲ್ ದಾಟಿದ ಮೇಲೆ, ನೆಟ್ಟಗೆ ಹೋಗುವ ಹೆದ್ದಾರಿಯಲ್ಲಿ. ಅಲ್ಲಿ ಏರಿಲ್ಲ, ಇಳಿತವಿಲ್ಲ, ಕಾಲಿಗೂ ಅಂಥದ್ದೇನೂ ಆಗಿರುವುದಿಲ್ಲ. ಮುಂದೆ ನೋಡಿದರೂ ರಸ್ತೆ, ಹಿಂದೆ ನೋಡಿದರೂ ರಸ್ತೆ. ಸಾಲದ್ದಕ್ಕೆ 'ಬೆಂಗಳೂರು' ಅಂತ ಬೋರ್ಡು ಹಾಕಿಕೊಂಡ ಕೆಂಪು ಬಸ್ಸುಗಳು ಒಂದರ ಹಿಂದೊಂದು ಎದುರಿಗೇ ಬರುತ್ತಿರುತ್ತವೆ.

ಇದು ನಮ್ಮೂರಿನವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಅಪಲೇಚಿಯನ್ ಟ್ರೇಲ್ ಸುಮಾರು 3,500 ಕಿ.ಮೀ. ಉದ್ದದ ಕಾಲುದಾರಿ. ಅದರಲ್ಲಿ ಕಾಲು ಭಾಗದಷ್ಟು ವರ್ಜೀನಿಯಾ ಒಂದೇ ರಾಜ್ಯದಲ್ಲಿದೆ. ವಾರಗಟ್ಟಲೆ ನಡೆದರೂ ರಾಜ್ಯ ಮುಗಿಯುವುದಿಲ್ಲ, ಮರಗಳ ಮಧ್ಯೆ ಆಚೆ ಏನೂ ಕಾಣುವುದಿಲ್ಲ. ಅಲ್ಲಿ ಕವಿಯುವ ಬೇಜಾರಿಗೆ ನಡಿಗೆದಾರರು 'ವರ್ಜೀನಿಯಾ ಬ್ಲೂಸ್' ಅಂತ ಹೆಸರೇ ಇಟ್ಟಿದ್ದಾರೆ. ಸ್ಪೇನಿನ ಕಮೀನೋ ಯಾತ್ರೆಯಲ್ಲಿ ಬುರ್ಗೋಸ್‌ನಿಂದ ಲಿಯೋನ್‌ವರೆಗಿನ ಬಯಲನ್ನು ಬಸ್ಸಿನಲ್ಲಿ ದಾಟಿಬಿಡುವ ಯಾತ್ರಿಕರೂ ಇದ್ದಾರೆ.

ನಾವು ನೀರಿಗೆ ಲೆಕ್ಕ ಹಾಕುತ್ತೇವೆ, ಊಟಕ್ಕೆ ಲೆಕ್ಕ ಹಾಕುತ್ತೇವೆ. ಬೇಜಾರು ಕಳೆಯುವ ಸಾಮಾನಿಗೆ ಮಾತ್ರ ಲೆಕ್ಕವೇ ಇಲ್ಲ. ಇರುವ ಹಾಡೆಲ್ಲ ಮೆಜೆಸ್ಟಿಕ್ ಬಿಡುವ ಮೊದಲೇ ಹಾಡಿ, ಇರುವ ಜೋಕೆಲ್ಲ ನೆಲಮಂಗಲದೊಳಗೆ ಮುಗಿಸಿ, ಹೊಸ ಜಾಗದ ಹುರುಪಿನಲ್ಲಿ ತಾನಾಗೇ ಸಾಗುವ ದಾರಿಗೆ ಎಲ್ಲವನ್ನೂ ಖರ್ಚು ಮಾಡಿಬಿಡುತ್ತೇವೆ. ಸಪ್ಪೆ ದಾರಿ ಬಂದಾಗ ಜೋಳಿಗೆ ಖಾಲಿ. ಅದಕ್ಕೆ ಇದನ್ನೂ ಮನೆಯಲ್ಲೇ ಕಟ್ಟಿಕೊಂಡು, ಯಾವುದನ್ನು ಎಲ್ಲಿ ಬಿಚ್ಚಬೇಕು ಅಂತ ನಿರ್ಧರಿಸಿ ಹೊರಡಿ.

1. ದಾರಿಯ ಸಪ್ಪೆ ಭಾಗಗಳಿಗೆ ಗುರುತು ಹಾಕಿ

ಹೊರಡುವ ವಾರ ಮುಂಚೆ ಮೊಬೈಲಿನಲ್ಲಿ ಮ್ಯಾಪ್ ತೆರೆದು ಕೂತುಕೊಳ್ಳಿ. ಎಲ್ಲೆಲ್ಲಿ ರಸ್ತೆ ನೆಟ್ಟಗಿದೆ, ನೆರಳಿಲ್ಲ, ಊರಿಲ್ಲ ಅಂತ ನೋಡಿ. ನೀವು ಅಲ್ಲಿಗೆ ತಲುಪುವ ಹೊತ್ತನ್ನೂ ಬರೆದುಕೊಳ್ಳಿ. ಬೆಳಗಿನ ಆರಕ್ಕೆ ಸೊಗಸಾಗಿ ಕಾಣುವ ದಾರಿಯೇ ಮಧ್ಯಾಹ್ನ ಮೂರಕ್ಕೆ ಜೀವ ಹಿಂಡುತ್ತದೆ.

ಹೊತ್ತಿನ ಅಂದಾಜಿಗೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಸಾಕು: ಸಮತಟ್ಟಿನಲ್ಲಿ ಗಂಟೆಗೆ 5 ಕಿ.ಮೀ., ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ಬಿಸಿಲು, ಬೆನ್ನ ಮೇಲಿನ ಚೀಲ, ಟೀ ಅಂಗಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ 5ರ ಬದಲು 4 ಇಟ್ಟುಕೊಳ್ಳುವುದು ಕ್ಷೇಮ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಸುಮಾರು 38 ಕಿ.ಮೀ. ಅಂದರೆ ಒಂಬತ್ತೂವರೆ ಗಂಟೆ. ಅಷ್ಟು ಹೊತ್ತಿಗೆ ಒಂದೇ ಆಟ, ಒಂದೇ ಹಾಡು ಸಾಲದು ಅಂತ ಆಗ ಗೊತ್ತಾಗುತ್ತದೆ. ಶಾಂತಿಗ್ರಾಮದವರೆಗೆ ಒಂದು, ಅಲ್ಲಿಂದಾಚೆ ಇನ್ನೊಂದು ಅಂತ ಹಂಚಿಕೊಳ್ಳಿ.

ನಮ್ಮ ಗುಂಪಿನವರು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಹೀಗೆ. ನೆಲಮಂಗಲದವರೆಗೆ ಏನೂ ಬೇಡ, ಹುರುಪೇ ಎಳೆದುಕೊಂಡು ಹೋಗುತ್ತದೆ. ಕುಣಿಗಲ್‌ನಿಂದ ಯಡಿಯೂರಿಗೆ ಒಗಟು. ಬೆಳ್ಳೂರು ಕ್ರಾಸ್‌ನಿಂದ ಹಿರೀಸಾವೆ ದಾಟುವವರೆಗೆ ಎಣಿಕೆಯ ಆಟ. ಚನ್ನರಾಯಪಟ್ಟಣ ಬಿಟ್ಟ ಮೇಲೆ ಕಿವಿಗೆ ಕೆಲಸ. ಮೂಡಿಗೆರೆಯ ಕಾಫಿ ತೋಟ, ಕೊಟ್ಟಿಗೆಹಾರದ ತಂಪು ಬಂದಮೇಲೆ ಮತ್ತೆ ಏನೂ ಬೇಡ.

ಕಾಡಿನ ಚಾರಣಕ್ಕೂ ಇದೇ ಕ್ರಮ. ಕುಮಾರ ಪರ್ವತದ ಶಿಖರ 1,712 ಮೀಟರ್ ಎತ್ತರದಲ್ಲಿದೆ. ಫೋಟೋಗಳಲ್ಲಿ ನಾವು ನೋಡುವುದೆಲ್ಲ ಮೇಲಿನ ಹುಲ್ಲುಗಾವಲು. ಕುಕ್ಕೆ ಕಡೆಯಿಂದ ಹತ್ತುವವರಿಗೆ ಮೊದಲು ಸಿಗುವುದು ಬೇರು, ಕಲ್ಲು, ದಟ್ಟ ಮರ. ಗಿರಿಗದ್ದೆಯ ಭಟ್ಟರ ಮನೆಯ ಹತ್ತಿರ ಬರುವವರೆಗೆ ಕಣ್ಣಿಗೆ ಆಕಾಶವೇ ಸರಿಯಾಗಿ ಸಿಗುವುದಿಲ್ಲ. ನಿಮ್ಮ ಚೀಟಿಯಲ್ಲಿ ಗುರುತು ಬೀಳಬೇಕಾದದ್ದು ಅಲ್ಲಿ. ಅಂದಹಾಗೆ ಚಾರಣಕ್ಕೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ. ಗೇಟಿನಿಂದ ವಾಪಸ್ ಕಳಿಸಿದ ಮೇಲೆ ಆಗುವ ಬೇಜಾರಿಗೆ ಈ ಲೇಖನದಲ್ಲಿ ಮದ್ದಿಲ್ಲ.

2. ಬೇಜಾರೋ, ಹಸಿವೋ? ಮೊದಲು ಅದನ್ನು ನೋಡಿ

'ಯಾಕಾದ್ರೂ ಬಂದ್ನಪ್ಪಾ' ಅನ್ನಿಸಿದ ಕೂಡಲೇ ಹಾಡು ಹಾಕಬೇಡಿ. ಮೊದಲು ನಾಲ್ಕು ಗುಟುಕು ನೀರು ಕುಡಿಯಿರಿ. ಏನಾದರೂ ಬಾಯಿಗೆ ಹಾಕಿಕೊಳ್ಳಿ. ಕಾಲುಚೀಲದಲ್ಲಿ ಮಡಿಕೆ ಬಿದ್ದಿದೆಯಾ, ಕಲ್ಲು ಸೇರಿದೆಯಾ ನೋಡಿ. ಹಿಮ್ಮಡಿ ಬಿಸಿಯಾಗಿ ಉರಿಯುತ್ತಿದ್ದರೆ ಅದು ಬೊಬ್ಬೆಯ ಮುನ್ಸೂಚನೆ, ಅಲ್ಲೇ ಕೂತು ಟೇಪು ಹಚ್ಚಿ. ಇಷ್ಟು ಮಾಡಿ ಕಾಲು ಗಂಟೆ ನಡೆಯಿರಿ. ಅರ್ಧಕ್ಕರ್ಧ ಬೇಜಾರು ಅಷ್ಟರಲ್ಲೇ ಇಳಿದಿರುತ್ತದೆ, ಯಾಕೆಂದರೆ ಅದು ಬೇಜಾರಾಗಿರಲಿಲ್ಲ. ಹೊಟ್ಟೆ ಖಾಲಿಯಾದಾಗ, ಬೆವರಿನಲ್ಲಿ ಉಪ್ಪು ಹೋದಾಗ ಮೈಗಿಂತ ಮೊದಲು ಮನಸ್ಸು ಮುನಿಸಿಕೊಳ್ಳುತ್ತದೆ.

ತಿನ್ನುವುದರಲ್ಲೂ ಜಾಣತನ ಬೇಕು. ಕಡಲೆಕಾಯಿ ಚಿಕ್ಕಿ, ಹುರಿಗಡಲೆ ಬೆಲ್ಲ, ಕೋಡುಬಳೆ ಹೊಟ್ಟೆಗಾಯಿತು. ಸಪ್ಪೆ ದಾರಿಗೆ ಬೇಕಾದದ್ದು ಬಾಯಲ್ಲಿ ಬಹಳ ಹೊತ್ತು ಉಳಿಯುವಂಥದ್ದು. ನನ್ನ ಮತ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಅಡಿಕೆಗೆ. ಒಂದು ಚೂರು ದವಡೆಗಿಟ್ಟುಕೊಂಡರೆ ಮೊದಲು ಉಪ್ಪು, ಆಮೇಲೆ ಹುಳಿ, ಆಮೇಲೆ ಒಗರು. ಕೊನೆಗೆ ನೀರು ಕುಡಿದರೆ ನೀರೇ ಸಿಹಿ. ಒಂದು ಚೂರಿಗೆ ಒಂದು ಕಿಲೋಮೀಟರು ಸಲೀಸಾಗಿ ಸಾಗುತ್ತದೆ. ಚಾಕೊಲೇಟು ನಮ್ಮ ಬಿಸಿಲಿಗೆ ಕರಗಿ ಜೇಬಿಗೆ ಅಂಟುತ್ತದೆ, ಬಿಡಿ.

3. ದಾರಿಯನ್ನು ಚೂರು ಮಾಡಿ

'ಇನ್ನೂ ಇನ್ನೂರು ಕಿಲೋಮೀಟರ್' ಅನ್ನುವ ಯೋಚನೆಯನ್ನು ತಲೆ ತಡೆಯುವುದಿಲ್ಲ. 'ಆ ಆಲದ ಮರದ ತನಕ' ಅಂದರೆ ಒಪ್ಪಿಕೊಳ್ಳುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಚೂರು ಮಾಡುವುದನ್ನೇ ಆಟ ಮಾಡಿಕೊಳ್ಳುವುದು ಹೇಗೆ ಅನ್ನುವುದು ಮುಖ್ಯ.

ಹುಣಸೆ ಬೀಜದ ಆಟ ನನಗೆ ಎಲ್ಲಕ್ಕಿಂತ ಇಷ್ಟ. ಹೊರಡುವ ಮುಂಚೆ ಯಾವುದಾದರೂ ಶಾಲೆ, ಕಾಲೇಜಿನ ಮೈದಾನದಲ್ಲಿ 100 ಮೀಟರ್ ನಡೆದು, ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಅಂತ ಎಣಿಸಿ. ಸಾಧಾರಣ ಎತ್ತರದವರಿಗೆ 65ರಿಂದ 70ರ ಆಸುಪಾಸು ಬರುತ್ತದೆ. ಆ ಸಂಖ್ಯೆ ನಿಮ್ಮ ಅಳತೆಗೋಲು. ಬಲ ಜೇಬಿಗೆ ಹತ್ತು ಹುಣಸೆ ಬೀಜ ಹಾಕಿಕೊಳ್ಳಿ. ಬಲಗಾಲಿನ ಎಣಿಕೆ ಒಂದು ಸುತ್ತು ಮುಗಿದಾಗ ಒಂದು ಬೀಜ ಎಡ ಜೇಬಿಗೆ. ಹತ್ತೂ ಎಡಕ್ಕೆ ಬಂದರೆ ಒಂದು ಕಿಲೋಮೀಟರು. ಮತ್ತೆ ಎಡದಿಂದ ಬಲಕ್ಕೆ. ನೆಟ್‌ವರ್ಕ್ ಬೇಡ, ಬ್ಯಾಟರಿ ಬೇಡ. ನುಣ್ಣನೆಯ ಬೀಜ ಬೆರಳಿನಡಿ ಉರುಳುತ್ತಿದ್ದರೆ ಕೈಗೂ ಒಂದು ಕೆಲಸ.

ಹೆದ್ದಾರಿಯಲ್ಲಾದರೆ ಇದಕ್ಕೆ ಪರೀಕ್ಷಕರೂ ಇದ್ದಾರೆ. ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ತಲೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಅಂತ ಬರೆದ ಗಿಡ್ಡ ಕಲ್ಲುಗಳು ಇರುವುದನ್ನು ಬಸ್ಸಿನಲ್ಲಿ ಹೋಗುವವರು ಗಮನಿಸಿರುವುದಿಲ್ಲ. ಅವು 200 ಮೀಟರಿಗೊಂದು. ಕಲ್ಲಿನಿಂದ ಕಲ್ಲಿಗೆ ಎರಡು ಬೀಜ ಸರಿಯಾಗಿ ಬಂದರೆ ನಿಮ್ಮ ಹೆಜ್ಜೆ ಪಕ್ಕಾ. ಎರಡಾದರೂ ಕಲ್ಲು ಇನ್ನೂ ಮುಂದಿದ್ದರೆ ಹೆಜ್ಜೆ ಚಿಕ್ಕದಾಗಿದೆ, ಅಂದರೆ ದಣಿವಾಗಿದೆ ಅಥವಾ ಕಣ್ಣಿಗೆ ಕಾಣದಷ್ಟು ಏರಿದೆ. ಕೆಲವು ಕಲ್ಲುಗಳು ಗಿಡಗಳಲ್ಲಿ ಮುಚ್ಚಿಹೋಗಿರುತ್ತವೆ, ಕೆಲವು ಅಗಲೀಕರಣದಲ್ಲಿ ಕಾಣೆಯಾಗಿವೆ. ಹುಡುಕುವುದೂ ಆಟವೇ.

ಎಣಿಕೆ ಬೇಸರವಾದವರಿಗೆ ಛಂದಸ್ಸಿದೆ. ನಗಬೇಡಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಮಾರ್ಕು ತೆಗೆದುಕೊಂಡು ಮರೆತ ಷಟ್ಪದಿಗಳು ನಡೆಯುವಾಗ ನಿಜವಾಗಿ ಕೆಲಸಕ್ಕೆ ಬರುತ್ತವೆ. ಮಾತ್ರೆ ಅಂದರೆ ಒಂದು ಹ್ರಸ್ವಾಕ್ಷರ (ಲಘು) ಹೇಳುವಷ್ಟು ಹೊತ್ತು, ಗುರುವಿಗೆ ಅದರ ಎರಡರಷ್ಟು. ಒಂದು ಹೆಜ್ಜೆಗೆ ಎರಡು ಮಾತ್ರೆ ಅಂತ ಇಟ್ಟುಕೊಳ್ಳಿ. ಶರ ಷಟ್ಪದಿಯ ಮೊದಲ ಸಾಲಿನಲ್ಲಿ ನಾಲ್ಕು ಮಾತ್ರೆಯ ಎರಡು ಗಣ, ನಾಲ್ಕು ಹೆಜ್ಜೆಗೆ ಸಾಲು ಮುಗಿಯಿತು. ಸಮತಟ್ಟು ರಸ್ತೆಗೆ ಹೇಳಿ ಮಾಡಿಸಿದ್ದು. ಭಾಮಿನಿಯಲ್ಲಿ ಮಜಾ ಬೇರೆ. ಮೊದಲ ಸಾಲಿಗೆ 3+4+3+4, ಒಟ್ಟು 14 ಮಾತ್ರೆ, ಅಂದರೆ ಏಳು ಹೆಜ್ಜೆ. ಏಳು ಬೆಸ ಸಂಖ್ಯೆ, ಹೀಗಾಗಿ ಮೊದಲ ಸಾಲು ಬಲಗಾಲಿನಿಂದ ಶುರುವಾದರೆ ಎರಡನೆಯದು ಎಡಗಾಲಿನಿಂದ. ಮೂರನೆಯ ಸಾಲಿಗೆ 23 ಮಾತ್ರೆ. ಕೊನೆಯ ಗುರುವಿನ ಮೇಲೆ ಒಂದು ಮಾತ್ರೆಯಷ್ಟು ಉಸಿರು ನಿಲ್ಲಿಸಿದರೆ ಹನ್ನೆರಡು ಹೆಜ್ಜೆ, ನಾಲ್ಕನೆಯ ಸಾಲಿಗೆ ಮತ್ತೆ ಬಲಗಾಲು ಸಿದ್ಧ. ಬಾಯಿಪಾಠ ಬರುವ ಒಂದೇ ಒಂದು ಪದ್ಯ ಸಾಕು, ಕಾಲು ತಪ್ಪದ ಹಾಗೆ ಹೇಳಿಕೊಂಡು ಹೋಗಿ. ಅಷ್ಟರಲ್ಲಿ ಒಂದು ಊರು ದಾಟಿರುತ್ತೀರಿ. ಮೂರು ಮಾತ್ರೆಯ ಗಣ ಒಂದೂವರೆ ಹೆಜ್ಜೆಗೆ ಮುಗಿಯುವುದರಿಂದ ಗಣ ಒಡೆಯುವ ಜಾಗ ಕಾಲಿಗಿಂತ ಮುಂಚೆಯೋ ಆಮೇಲೋ ಬೀಳುತ್ತದೆ. ಆ ಎಳೆದಾಟವೇ ತಲೆಯನ್ನು ಹಿಡಿದಿಡುವುದು. ಛಂದಸ್ಸು ಬೇಡ ಅನ್ನುವವರು ಆದಿತಾಳದ ಯಾವುದಾದರೂ ದೇವರನಾಮ ಹಿಡಿದುಕೊಳ್ಳಿ, ಎಂಟು ಹೆಜ್ಜೆಗೆ ಒಂದು ಆವರ್ತ.

4. ಜೊತೆಯಲ್ಲಿರುವವರ ಬಾಯಿಗೂ ಬೀಗ ಹಾಕಿ

ಗುಂಪಿನಲ್ಲಿ ಹೋಗುವವರ ದೊಡ್ಡ ಬಂಡವಾಳ ಮಾತು. ಅದನ್ನು ಬಸ್ಸಿನಲ್ಲೇ ಕರಗಿಸಬೇಡಿ. ಯಾರ ಮದುವೆ ಮುರಿಯಿತು, ಯಾವ ಬಡಾವಣೆಯಲ್ಲಿ ಸೈಟು ಎಷ್ಟಕ್ಕೆ ಹೋಯಿತು, ಮ್ಯಾನೇಜರ್ ಏನಂದ, ಇಂಥ ರಸವತ್ತಾದ ವಿಷಯಗಳನ್ನು ಮಧ್ಯಾಹ್ನದ ಬಿಸಿಲಿಗೆ ಮೀಸಲಿಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ಕಥೆ ಮಾತ್ರ ಯಾವಾಗಲೂ ಬೇಡ. ಅದನ್ನು ಮರೆಯೋಕೆ ತಾನೆ ನಡೆಯಲು ಬಂದಿರುವುದು?

ಒಗಟು ಹೇಳುವುದಕ್ಕೂ ಒಂದು ಶಿಸ್ತಿದೆ. ನಮ್ಮ ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರು ಒಗಟು ಹೇಳಿ, ಉತ್ತರವನ್ನು ಮುಂದಿನ ಟೀ ಅಂಗಡಿಯವರೆಗೆ ಬಾಯಿಬಿಡುವುದಿಲ್ಲ.

'ಕಲ್ಲರಳಿ ಹೂವಾಗಿ, ಎಲ್ಲರಿಗೂ ಬೇಕಾಗಿ, ಮಲ್ಲಿಕಾರ್ಜುನನ ಗುಡಿಗೆ ಬೆಳಕಾಗಿ... ಏನ್ರಯ್ಯಾ ಅದು?'

'ದೀಪ, ಸಾರ್.'

'ದೀಪ ಕಲ್ಲಾಗಿತ್ತೇನಯ್ಯಾ? ನಡಿ, ನಡಿ.'

ಮುಂದಿನ ನಾಲ್ಕು ಕಿಲೋಮೀಟರು ಎಲ್ಲರ ತಲೆಯಲ್ಲೂ ಅದೇ ಕಲ್ಲು. ಸಾಣೆಕಲ್ಲು, ಕರ್ಪೂರ, ಸ್ಫಟಿಕ ಎಲ್ಲ ಬಂದು ಹೋಗುತ್ತವೆ. ಯಾರಾದರೂ ಮೊಬೈಲ್ ತೆಗೆದು ಹುಡುಕಿದರೆ ಟೀ ಬಿಲ್ಲು ಅವರದ್ದು. ನೀವೂ ಸ್ವಲ್ಪ ತಡೆದುಕೊಳ್ಳಿ.

ಅಂತ್ಯಾಕ್ಷರಿ ಎಲ್ಲರಿಗೂ ಗೊತ್ತು, ಆದರೆ ಏರಿನಲ್ಲಿ ಆಡಬೇಡಿ, ಉಸಿರು ಸಾಲುವುದಿಲ್ಲ. ಏರಿಗೆ ಒಂದೊಂದೇ ಪದದ ಆಟ ಒಳ್ಳೆಯದು: 'ರ'ಕಾರದಿಂದ ಶುರುವಾಗುವ ಊರು, ಅದರ ಕೊನೆಯ ಅಕ್ಷರದಿಂದ ಇನ್ನೊಂದು ಊರು. ರಾಮನಗರ ಅಂದವರಿಗೆ ರಾಯಚೂರು, ಅವರಿಗೆ ರು ಎಲ್ಲಿಂದ ತರುವುದು ಅನ್ನುವ ಜಗಳ. ಈ ಜಗಳವೇ ಅರ್ಧ ಗಂಟೆ ನಡೆಸುತ್ತದೆ.

5. ಕಿವಿಗೆ ಬೇಕಾದದ್ದನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ

ಒಂದೊಂದು ಹಾಡು ಮೂರು ನಾಲ್ಕು ನಿಮಿಷಕ್ಕೆ ಮುಗಿದು, ಪ್ರತಿ ಸಲ ಮೊಬೈಲ್ ತೆಗೆಯಬೇಕಾಗುತ್ತದೆ. ದೂರದ ನಡಿಗೆಗೆ ಉದ್ದದ ಸಾಮಾನು ಬೇಕು. ತಾಳಮದ್ದಳೆಯ ಧ್ವನಿಮುದ್ರಿಕೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಯುದ್ಧ. ಒಂದೊಂದು ಪ್ರಸಂಗ ಗಂಟೆಗಟ್ಟಲೆ ನಡೆಯುತ್ತದೆ. ಕೃಷ್ಣನ ಮಾತಿಗೆ ಕೌರವ ಏನು ಉತ್ತರ ಕೊಡುತ್ತಾನೋ ಅಂತ ಕಾಯುತ್ತಾ ಎರಡು ಕಿಲೋಮೀಟರ್ ಕಲ್ಲು ಹಿಂದೆ ಬಿದ್ದದ್ದೇ ತಿಳಿಯುವುದಿಲ್ಲ. ಹರಿಕಥೆ, ಗಮಕ, ಕಾದಂಬರಿ ಓದು, ಹಳೆಯ ಕ್ರಿಕೆಟ್ ಕಾಮೆಂಟರಿ, ನಿಮ್ಮ ನಿಮ್ಮ ಇಷ್ಟ. ಮಧ್ಯದಲ್ಲಿ ನಿಲ್ಲಿಸಿದರೆ ಮುಂದೇನು ಅನ್ನುವ ಕುತೂಹಲ ಉಳಿಯುವಂಥದ್ದಾಗಿರಲಿ. ನಾಳೆ ಬೆಳಿಗ್ಗೆ ಚಪ್ಪಲಿಗೆ ಕಾಲು ಹಾಕಲು ಅದೂ ಒಂದು ಕಾರಣ.

ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಗಂಟೆಗೊಮ್ಮೆ ತೆರೆದು ಮನೆಯವರಿಗೆ ಒಂದು ಮೆಸೇಜ್ ಹಾಕಿದರಾಯಿತು.

ಇಯರ್‌ಫೋನ್ ಒಂದೇ ಕಿವಿಗೆ. ರಸ್ತೆಯಲ್ಲಿ ಬಲಬದಿಯಲ್ಲೇ ನಡೆಯಿರಿ, ಬರುವ ವಾಹನ ಕಣ್ಣೆದುರಿಗಿರುತ್ತದೆ. ಕತ್ತಲಲ್ಲಿ ಮಿನುಗುವ ಪಟ್ಟಿಯ ಜಾಕೆಟ್ ಇಲ್ಲದೆ ಹೆದ್ದಾರಿಗೆ ಇಳಿಯಬೇಡಿ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಕಾಡಾನೆಗಳ ಓಡಾಟವಿದೆ. ಅಲ್ಲಿ ಇಯರ್‌ಫೋನ್ ಚೀಲದಲ್ಲಿರಲಿ, ಕತ್ತಲಲ್ಲಿ ನಡಿಗೆಯೂ ಬೇಡ.

ಆ ಒಗಟಿಗೆ ಉತ್ತರ ಸುಣ್ಣ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಬಿಸಿಯಾಗಿ ಅರಳುತ್ತದೆ, ಅದನ್ನೇ ಗುಡಿಯ ಗೋಡೆಗೆ ಬಳಿಯುವುದು. ವೀಳ್ಯ ಮೆಲ್ಲುವವರಿಗೂ ಅದೇ ಬೇಕು.

6. ಕಾಡಿನಲ್ಲಿ ಕಣ್ಣು ಸೋತರೆ ಕಿವಿ ತೆರೆಯಿರಿ

ದಟ್ಟ ಮರಗಳ ನಡುವೆ ನೋಡಲು ಏನಿಲ್ಲದಿದ್ದರೂ ಕೇಳಲು ಬೇಕಾದಷ್ಟಿದೆ. ಹೊರಡುವ ಮುಂಚೆ ನಾಲ್ಕೇ ನಾಲ್ಕು ದನಿ ಕಲಿತುಕೊಳ್ಳಿ. ಕುಟ್ರು ಹಕ್ಕಿ ತನ್ನ ಹೆಸರನ್ನೇ ಕೂಗುತ್ತದೆ, ಬೇಸಿಗೆ ಹತ್ತಿರವಾದರೆ ಬೆಳಗಿನಿಂದ ಸಂಜೆತನಕ. ಹಳ್ಳದ ಪಕ್ಕ ಹುಡುಗರು ಸಿಳ್ಳೆ ಹೊಡೆದಂತೆ ಕೇಳಿದರೆ ಅದು ಸಿಳ್ಳಾರ. ತಲೆಯ ಮೇಲೆ ರೆಕ್ಕೆಯ ಸದ್ದೇ ಭಾರಿಯಾಗಿ ಕೇಳಿದರೆ ಮಂಗಟ್ಟೆ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅಣಕಿಸಿ ನಿಮ್ಮನ್ನು ಏಮಾರಿಸುತ್ತದೆ. ಯಾರು ಮೊದಲು ಗುರುತು ಹಿಡಿದರೋ ಅವರಿಗೆ ಒಂದು ಚೂರು ಚಿಕ್ಕಿ.

ಬಯಲು ದಾರಿಯಲ್ಲೂ ಶಿವರಾತ್ರಿಯ ಹೊತ್ತಿಗೆ ನೋಡಲು ಕಡಿಮೆಯಿಲ್ಲ. ಎಲೆ ಉದುರಿದ ಮುತ್ತುಗದಲ್ಲಿ ಕೆಂಡದಂಥ ಹೂವು, ಬೂರುಗದ ದಪ್ಪ ಕೆಂಪು ಹೂವಿಗೆ ಮುತ್ತುವ ಮೈನಾಗಳು, ಹೊಂಗೆಯ ಎಳೆ ಚಿಗುರು. ಹೂಮಳೆ ಬೇಗ ಬಂದ ವರ್ಷವಾದರೆ ಮೂಡಿಗೆರೆ ಕಡೆ ಕಾಫಿ ಹೂವಿನ ವಾಸನೆ ರಸ್ತೆಯವರೆಗೂ ಬರುತ್ತದೆ.

7. ಬಿಟ್ಟು ಹೋಗುವ ನಿರ್ಧಾರವನ್ನು ನಿಂತುಕೊಂಡು ಮಾಡಬೇಡಿ

ಕೆಂಪು ಬಸ್ಸಿಗೆ ಕೈ ಅಡ್ಡ ಹಾಕಬೇಕು ಅನ್ನಿಸಿದಾಗ ಒಂದೇ ನಿಯಮ: ಕೂತು, ಶೂ ಬಿಚ್ಚಿ, ಏನಾದರೂ ತಿಂದು, ಕಾಲು ಗಂಟೆ ಕಳೆದ ಮೇಲೆ ನಿರ್ಧಾರ. ಖಾಲಿ ಹೊಟ್ಟೆಯ ನಿರ್ಧಾರಕ್ಕೆ ಬೆಲೆಯಿಲ್ಲ, ಏರಿನ ಮಧ್ಯದ್ದಕ್ಕೂ ಇಲ್ಲ. ಪಾದಯಾತ್ರೆಯ ಕಾಲದಲ್ಲಿ ದಾರಿಯುದ್ದಕ್ಕೂ ಊರಿನವರು ಅರವಟ್ಟಿಗೆ ಇಟ್ಟು ಮಜ್ಜಿಗೆ, ಪಾನಕ ಕೊಡುತ್ತಾರೆ, ಊಟವನ್ನೂ ಹಾಕುತ್ತಾರೆ. 'ಬನ್ನಿ ಸ್ವಾಮಿ, ಕೂತ್ಕೊಳ್ಳಿ, ಕುಡ್ಕೊಂಡ್ ಹೋಗಿ' ಅಂತ ಯಾರೋ ಗೊತ್ತಿಲ್ಲದವರು ಲೋಟ ಕೈಗಿಟ್ಟ ಮೇಲೆ ವಾಪಸ್ ಬಸ್ಸಿನ ಯೋಚನೆ ಅರ್ಧ ಸತ್ತಿರುತ್ತದೆ.

ಆದರೆ ಎದೆನೋವು, ತಲೆಸುತ್ತು, ವಾಂತಿ, ಜ್ವರ, ಹೆಜ್ಜೆ ಹೆಜ್ಜೆಗೂ ಹೆಚ್ಚುವ ಮೊಣಕಾಲ ಕೆಳಗಿನ ನೋವು, ಇವು ಬೇಜಾರಲ್ಲ. ಬಿಸಿಲಲ್ಲಿ ಮಾತು ತೊದಲಿದರೆ, ಗೊಂದಲವಾದರೆ ನೆರಳಿಗೆ ಕರೆದೊಯ್ದು ಮೈ ತಣ್ಣಗೆ ಮಾಡಿ, 108ಕ್ಕೆ ಫೋನ್ ಮಾಡಿ. ಅಲ್ಲಿ ಹುರಿದುಂಬಿಸುವ ಮಾತು ಅಪಾಯ.

8. ಊರಲ್ಲೇ ಬೇಜಾರನ್ನು ಅಭ್ಯಾಸ ಮಾಡಿ

ಎಲ್ಲರೂ ತಯಾರಿಗೆ ನಂದಿ, ಸಾವನದುರ್ಗ ಹತ್ತುತ್ತಾರೆ. ಕಾಲಿಗೆ ಒಳ್ಳೆಯದೇ, ಮನಸ್ಸಿಗೆ ಅಲ್ಲ, ಯಾಕೆಂದರೆ ಅಲ್ಲಿ ಬೇಜಾರಾಗುವುದಿಲ್ಲ. ಬೇಕಾದದ್ದು ಸ್ಯಾಂಕಿ ಕೆರೆ. ಒಂದು ಸುತ್ತಿಗೆ ಎರಡು ಕಿ.ಮೀ. ಕೂಡ ಇಲ್ಲದ ಆ ದಾರಿಯಲ್ಲಿ, ಇಯರ್‌ಫೋನ್ ಇಲ್ಲದೆ, ಒಬ್ಬರೇ, ಆರು ಏಳು ಸುತ್ತು ಹಾಕಿ. ಮೂರನೇ ಸುತ್ತಿಗೆ ಅದೇ ಬೆಂಚು, ಅದೇ ಅಜ್ಜಂದಿರು, ಅದೇ ಬಾತುಗಳು. ಬೀಜದ ಆಟ, ಷಟ್ಪದಿ ಎಲ್ಲವನ್ನೂ ಅಲ್ಲೇ ಪರೀಕ್ಷಿಸಿ ನೋಡಿ, ನಿಮಗೆ ಒಗ್ಗದ್ದನ್ನು ಮನೆಯಲ್ಲೇ ಬಿಟ್ಟು ಹೊರಡಿ.

9. ಕೊನೆಯ ಗಂಟೆಗೆ ಏನಾದರೂ ಉಳಿಸಿಕೊಳ್ಳಿ

ಶಿಖರ ಮುಗಿಸಿ ಇಳಿಯುವಾಗ, ಗುಡಿಯ ಊರು ಹತ್ತಿರವಾದಾಗ ಬೇಜಾರು ಹೆಚ್ಚು. ನೋಡಬೇಕಾದ್ದು ನೋಡಿಯಾಯಿತು, ಕಾಲು ಮಾತ್ರ ಬಾಕಿ. ಒಂದು ಒಳ್ಳೆಯ ಕಥೆ, ಒಂದು ಚೂರು ನೆಲ್ಲಿಕಾಯಿ ಅಡಿಕೆ ಈ ಗಂಟೆಗೆ ಅಂತಲೇ ಪಕ್ಕಕ್ಕಿಡಿ.

ಮತ್ತೆ, ದಾರಿಯಲ್ಲಿ ಸಿಕ್ಕವರನ್ನು 'ಇನ್ನೆಷ್ಟು ದೂರ?' ಅಂತ ಕೇಳಬೇಡಿ. 'ಇಲ್ಲೇ ಸ್ವಾಮಿ, ಹತ್ರಾನೇ' ಅನ್ನುವುದು ಅವರ ಒಳ್ಳೆಯತನ, ಅಳತೆಯಲ್ಲ. ಅದನ್ನು ನಂಬಿ ಹೊರಟರೆ ಅರ್ಧ ಗಂಟೆಯಾದರೂ ಊರು ಕಾಣದೆ ಇದ್ದ ಚೂರು ಹುಮ್ಮಸ್ಸೂ ಹೋಗುತ್ತದೆ. ಬದಲಿಗೆ 'ಅಲ್ಲಿಗೆ ಆಟೋದವರು ಎಷ್ಟು ಕೇಳ್ತಾರೆ?' ಅನ್ನಿ. ದೂರದ ವಿಷಯದಲ್ಲಿ ಉದಾರಿಗಳಾದ ಜನ ದುಡ್ಡಿನ ವಿಷಯದಲ್ಲಿ ಕರಾರುವಾಕ್ಕಾಗಿ ಹೇಳುತ್ತಾರೆ, ಅದರಿಂದ ಕಿಲೋಮೀಟರು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಕಡಿಮೆ ಅಂತ ಆಟೋ ಹತ್ತಿಬಿಡಬೇಡಿ, ಅಷ್ಟೆ.